ಡಿಕಾಕ್ಷನ್ ಇಳಿಯುತ್ತಿಲ್ಲವೇ? ಎರಡಂತಸ್ತಿನ ಕಾಫಿ ಯಂತ್ರದ ದೋಷ ನಿವಾರಣೆ ಕೈಪಿಡಿ

ಬೆಳಗ್ಗೆ ಆರೂಕಾಲು. ದೊಡ್ಡಪ್ಪ ರಾತ್ರಿ ಬಸ್ಸಿನಲ್ಲಿ ಬಂದಿಳಿದಿದ್ದಾರೆ. ಕೈಕಾಲು ಮುಖ ತೊಳೆದು, ಕನ್ನಡಕ ಒರೆಸಿಕೊಂಡು, ಪೇಪರ್ ಬಿಡಿಸಿ ಸೋಫಾದಲ್ಲಿ ಕೂತಿದ್ದಾರೆ. ಅಡುಗೆಮನೆಯಲ್ಲಿ ನಾನು ಒಂದು ಸ್ಟೀಲ್ ಯಂತ್ರದ ಮುಂದೆ ಬಗ್ಗಿ, ಕಿವಿ ಕೊಟ್ಟು ನಿಂತಿದ್ದೇನೆ. ತೊಟ್ಟಿಕ್ಕುವ ಸದ್ದೇ ಇಲ್ಲ.

"ಏನೋ, ಕಾಫಿ ಆಯ್ತೇನೋ?"

"ಇಳೀತಾ ಇದೆ ದೊಡ್ಡಪ್ಪ."

ಶುದ್ಧ ಸುಳ್ಳು. ಕಂಪ್ಯೂಟರ್ ಪರದೆಯ ಮೇಲೆ ಸುಮ್ನೆ ತಿರುಗುತ್ತಾ ಇರುತ್ತದಲ್ಲ ಒಂದು ಚಕ್ರ, ನಮ್ಮ ಮನೆಗಳಲ್ಲಿ ಅದರ ಹೆಸರು 'ಇಳೀತಾ ಇದೆ'.

ಬಿದ್ದ ಸರ್ವರ್‌ಗಳನ್ನು ಎಬ್ಬಿಸಿ ನಿಲ್ಲಿಸುವುದು ನನ್ನ ಹೊಟ್ಟೆಪಾಡು. ಏನೇ ಕೆಟ್ಟರೂ ಆಮೇಲೆ ಒಂದು ವರದಿ ಬರೆಯಬೇಕು. ಏನಾಯಿತು, ಯಾಕಾಯಿತು, ಮತ್ತೆ ಆಗದ ಹಾಗೆ ಏನು ಮಾಡಬೇಕು. ಆ ಚಾಳಿ ಈಗ ಅಡುಗೆಮನೆಗೂ ಬಂದಿದೆ. ಆವತ್ತಿನ ಫಜೀತಿಯ ವರದಿ ಬೆಳೆದು ಬೆಳೆದು ಈ ಕೈಪಿಡಿ ಆಯಿತು.

ಯಂತ್ರದ ಪರಿಚಯ

ಕಾಫಿ ಫಿಲ್ಟರ್ ಅನ್ನುವುದು ಗುರುತ್ವಾಕರ್ಷಣೆಯಿಂದ ಓಡುವ ಎರಡಂತಸ್ತಿನ ಯಂತ್ರ. ಕರೆಂಟ್ ಬೇಡ. ಚಾರ್ಜರ್ ಇಲ್ಲ, ಹಾಗಾಗಿ ಕಳೆದುಹೋಗುವುದಿಲ್ಲ. ಪಾಸ್‌ವರ್ಡ್ ಕೇಳುವುದಿಲ್ಲ. ನಡುರಾತ್ರಿ ತಾನೇ ಅಪ್‌ಡೇಟ್ ಆಗಿ, ಬೆಳಗ್ಗೆ ಎದ್ದಾಗ ಗುಂಡಿಗಳನ್ನೆಲ್ಲ ಬೇರೆ ಜಾಗಕ್ಕೆ ಸರಿಸಿರುವುದಿಲ್ಲ. ನಿಮ್ಮ ಮಾಹಿತಿಯನ್ನು ಯಾರಿಗೂ ಕಳಿಸುವುದಿಲ್ಲ. ಕಳಿಸುವುದು ಘಮ ಮಾತ್ರ. ಅದು ತಂತಿಯಿಲ್ಲದೆ ಪಕ್ಕದ ಮನೆಯವರೆಗೆ ತಲುಪುತ್ತದೆ.

ಬಿಡಿಭಾಗಗಳು ನಾಲ್ಕು. ತಳದಲ್ಲಿ ಸಣ್ಣ ತೂತುಗಳಿರುವ ಮೇಲಿನ ಪಾತ್ರೆ. ಡಿಕಾಕ್ಷನ್ ಹಿಡಿಯುವ ಕೆಳಗಿನ ಪಾತ್ರೆ. ನಡುವೆ ಕಡ್ಡಿ ಇರುವ ತೂತಿನ ತಟ್ಟೆ. ಇದನ್ನು ನಮ್ಮ ಮನೆಯಲ್ಲಿ ಕೊಡೆ ಅನ್ನುತ್ತೇವೆ, ಕೆಲವರು ಛತ್ರಿ ಅನ್ನುತ್ತಾರೆ. ಕೊನೆಯದು ಮುಚ್ಚಳ. ಚಲಿಸುವ ಭಾಗ ಒಂದೂ ಇಲ್ಲ. ಮನೆ ಬದಲಿಸುವಾಗ ಕೊಡೆ ಮಾತ್ರ ತಾನಾಗಿ ಚಲಿಸಿ ಎಲ್ಲೋ ಹೋಗಿಬಿಡುತ್ತದೆ.

ಅಜ್ಜಿ ಬಳಸಿದ ಆವೃತ್ತಿ ಹಿತ್ತಾಳೆಯದ್ದು, ಈಗಿನದು ಸ್ಟೀಲ್. ಎರಡರ ಒಳಗಿನ ವಿನ್ಯಾಸದಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಎದುರಾಳಿ ಕಂಪನಿ ಬೇಕಲ್ವಾ ಅಂದರೆ ಜರ್ಮನಿಗೆ ಹೋಗಬೇಕು. ಅಲ್ಲಿ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ ಮಗನ ನೋಟ್‌ಬುಕ್ಕಿನ ಒತ್ತುಕಾಗದದಲ್ಲಿ ಕಾಫಿ ಸೋಸಿ, 1908ರಲ್ಲಿ ಕಾಗದದ ಫಿಲ್ಟರಿಗೆ ಹಕ್ಕು ಪಡೆದರು. ಒಳ್ಳೆಯ ಯಂತ್ರವೇ. ಆದರೆ ಪ್ರತಿ ಸಲ ಹೊಸ ಕಾಗದ ಬೇಕು, ಅಂದರೆ ಜೀವನಪೂರ್ತಿ ಚಂದಾ ಕಟ್ಟುತ್ತಾ ಇರಬೇಕು. ನಮ್ಮದು ಒಂದು ಸಲ ಕೊಂಡರೆ ಮೊಮ್ಮಕ್ಕಳು ಜಗಳ ಆಡಿ ಹಂಚಿಕೊಳ್ಳುವವರೆಗೂ ಬರುತ್ತದೆ.

ಇಂಧನದ ವಿಷಯ. ಬಾಬಾ ಬುಡನ್ ಯೆಮೆನ್ ದೇಶದ ಮೋಕಾ ಬಂದರಿನಿಂದ ಏಳು ಕಾಫಿ ಬೀಜ ಬಚ್ಚಿಟ್ಟುಕೊಂಡು ಬಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರು ಎಂಬುದು ಐತಿಹ್ಯ. ಹದಿನೇಳನೇ ಶತಮಾನದ ಮಾತು. ಈಗ ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಕರ್ನಾಟಕದ್ದೇ. ಇಂಧನದ ಸಂಶೋಧನೆ ಬಾಳೆಹೊನ್ನೂರಿನ ಕೇಂದ್ರದಲ್ಲಿ 1925ರಿಂದ ನಡೆಯುತ್ತಿದೆ. ಅಲ್ಲಿಂದ 1940ರ ದಶಕದಲ್ಲಿ ಹೊರಬಂದ ಎಸ್.795 ಎಂಬ ಆವೃತ್ತಿ, ಅಂದರೆ ಅರೇಬಿಕಾ ಕಾಫಿಯ ಒಂದು ತಳಿ, ಇವತ್ತಿಗೂ ತೋಟಗಳಲ್ಲಿ ಓಡುತ್ತಿದೆ. ನಾನು ಬರೆದ ಯಾವ ಪ್ರೋಗ್ರಾಮೂ ನಾಲ್ಕು ವರ್ಷ ಬಾಳಿಲ್ಲ.

ರಿಪೇರಿಗೆ ಮುಂಚೆ: ಲಕ್ಷಣ ನೋಡಿ

'ಇಳೀತಿಲ್ಲ' ಅನ್ನುವುದು ಒಂದೇ ಕಾಯಿಲೆ ಅಲ್ಲ, ಮೂರು. ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ. ನಾನು ಆವತ್ತು ಎಡವಿದ್ದು ಇಲ್ಲೇ. ಲಕ್ಷಣ ನೋಡದೆ ಮದ್ದು ಶುರು ಮಾಡಿದೆ. ಮೊದಲು ಕೊಡೆಯನ್ನು ಇನ್ನೂ ಗಟ್ಟಿಯಾಗಿ ಅದುಮಿದೆ. ಆಗಲಿಲ್ಲ. ಇನ್ನರ್ಧ ಲೋಟ ಬಿಸಿನೀರು ಸುರಿದೆ. ಆಗಲಿಲ್ಲ. ಚಮಚದ ಹಿಡಿಯಿಂದ ಪುಡಿ ಕೆದಕಿದೆ. ಮೇಲೊಂದು ಕೆಸರುಗದ್ದೆ ಆಯಿತು, ಅಷ್ಟೇ.

ಮಾಡಬೇಕಿದ್ದದ್ದು ಇಷ್ಟು. ನೀರು ಸುರಿದು ಐದು ನಿಮಿಷ ಬಿಟ್ಟು, ಮಸಿಬಟ್ಟೆಯಲ್ಲಿ ಮೇಲಿನ ಪಾತ್ರೆ ಹಿಡಿದು ಎತ್ತಿ, ಕೆಳಗೆ ಎಷ್ಟು ಬಿದ್ದಿದೆ ನೋಡಬೇಕು.

ಒಂದು ತೊಟ್ಟೂ ಬಿದ್ದಿಲ್ಲ, ಎತ್ತಿ ಹಿಡಿದರೂ ಬೀಳುತ್ತಿಲ್ಲ ಅಂದರೆ ತೂತು ಕಟ್ಟಿದೆ. ಬಿದ್ದಿದೆ, ಎತ್ತಿದಾಗಲೂ ಬೀಳುತ್ತಿದೆ, ಆದರೆ ಬಸವನಹುಳು ನಡೆದ ಹಾಗೆ ಅಂದರೆ ಪುಡಿಯ ದೋಷ. ಇಷ್ಟು ಹೊತ್ತು ಗಪ್‌ಚುಪ್ ಇದ್ದದ್ದು ಎತ್ತಿದ ಕೂಡಲೇ ಸರಸರ ಇಳಿಯತೊಡಗಿತು ಅಂದರೆ ಗಾಳಿ ಹಿಡಿದುಕೊಂಡಿದೆ.

ನನ್ನದು ಮೂರನೆಯದು. ಅದು ಗೊತ್ತಾಗಿದ್ದು ನನ್ನ ಜಾಣತನದಿಂದಲ್ಲ. ಕೊನೆಗೆ ಮೈಸೂರಿಗೆ, ಅಮ್ಮನಿಗೆ ಫೋನ್ ಮಾಡಿದೆ.

"ತಟ್ಟಿದ್ಯಾ?"

"ಏನು ತಟ್ಟೋದು?"

"ಮೇಲಿಂದನ್ನ ಒಂಚೂರು ಎತ್ತಿ, ತಿರುಗಿಸಿ, ಪಕ್ಕಕ್ಕೊಂದು ತಟ್ಟು. ಗಾಳಿ ಹಿಡ್ಕೊಂಡಿರತ್ತೆ ಕಣೋ."

ಡಣ್. ಟಪ್. ಟಪ್ ಟಪ್. ಟಪಟಪಟಪ.

ದೋಷ: ಗಾಳಿ ಹಿಡಿದುಕೊಂಡಿದೆ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಇಡೀ ಯಂತ್ರದಲ್ಲಿ ನನಗೆ ಮಜಾ ಅನ್ನಿಸಿದ್ದು ಇದೊಂದೇ.

ಕೆಳಗಿನ ಪಾತ್ರೆ ಖಾಲಿ ಅಂತ ನಾವು ಅಂದುಕೊಳ್ಳುತ್ತೇವೆ. ಖಾಲಿ ಅಲ್ಲ, ಅದರ ತುಂಬ ಗಾಳಿ ಇದೆ. ಡಿಕಾಕ್ಷನ್ ಒಳಗೆ ಬರಬೇಕಾದರೆ ಗಾಳಿ ಜಾಗ ಬಿಡಬೇಕು. ಹೊರಗೆ ಹೋಗುವ ದಾರಿ ಎಂದರೆ ಎರಡು ಪಾತ್ರೆ ಕೂಡುವ ಕತ್ತಿನ ಸಂದು. ಪಾತ್ರೆ ತೊಳೆದು, ಒರೆಸದೆ, ಒದ್ದೆಯಲ್ಲೇ ಕೂಡಿಸಿದರೆ ಆ ಸಂದಿನಲ್ಲಿ ನೀರಿನ ಪೊರೆ ನಿಂತು ದಾರಿ ಮುಚ್ಚುತ್ತದೆ. ಹೊಸ ಫಿಲ್ಟರುಗಳಲ್ಲಿ ಕತ್ತು ಬಿಗಿ ಇರುತ್ತದೆ, ಅವುಗಳಲ್ಲಿ ಈ ಕಾಟ ಜಾಸ್ತಿ.

ಈಗ ಲೆಕ್ಕ. ಡಿಕಾಕ್ಷನ್ ಅನ್ನು ಕೆಳಗೆ ತಳ್ಳುವುದು ಮೇಲಿರುವ ನೀರಿನ ಭಾರ ಮಾತ್ರ. ಐದು ಸೆಂಟಿಮೀಟರ್ ಎತ್ತರದ ನೀರು ಇದೆ ಅನ್ನಿ. ಹತ್ತು ಮೀಟರ್ ನೀರು ನಿಂತರೆ ನಮ್ಮ ಸುತ್ತಲಿನ ಗಾಳಿಯ ಒತ್ತಡಕ್ಕೆ ಸಮ. ಅಂದರೆ ಈ ಐದು ಸೆಂಟಿಮೀಟರ್ ತಳ್ಳುವುದು ಅದರ ಇನ್ನೂರರಲ್ಲಿ ಒಂದು ಪಾಲು. ಎಂಜಿನ್ ಅಷ್ಟು ಬಡಪಾಯಿ. ಕೆಳಗೆ 200 ಮಿಲಿ ಗಾಳಿ ಸಿಕ್ಕಿಹಾಕಿಕೊಂಡಿದ್ದರೆ, ಅದನ್ನು ಇನ್ನೂರರಲ್ಲಿ ಒಂದು ಪಾಲು ಒತ್ತಲು ಒಂದು ಮಿಲಿ ಡಿಕಾಕ್ಷನ್ ಸಾಕು. ಒಂದು ಮಿಲಿ ಅಂದರೆ ಇಪ್ಪತ್ತು ತೊಟ್ಟು. ಇಪ್ಪತ್ತು ತೊಟ್ಟು ಬಿದ್ದವು, ಒಳಗಿನ ಗಾಳಿ "ಇನ್ನು ಜಾಗ ಇಲ್ಲ" ಅಂದಿತು, ಯಂತ್ರ ನಿಂತಿತು. ಸಾಲದ್ದಕ್ಕೆ ಬಿಸಿ. ಆ ಗಾಳಿ ಎರಡು ಡಿಗ್ರಿ ಕಾದರೂ ಸಾಕು, ಉಬ್ಬಿಕೊಂಡು ಅಷ್ಟೇ ಒತ್ತಡ ಕೊಡುತ್ತದೆ. ಮೇಲೆ ಕುದಿನೀರು ಇಟ್ಟುಕೊಂಡು ಕೆಳಗಿನ ಗಾಳಿ ಎರಡು ಡಿಗ್ರಿ ಕಾಯದೆ ಇರುತ್ತದೆಯೇ?

ನಾನು ಇನ್ನರ್ಧ ಲೋಟ ನೀರು ಸುರಿದೆನಲ್ಲ, ಅದು ಯಾಕೆ ನಡೆಯಲಿಲ್ಲ ಅನ್ನುವುದೂ ಈಗ ಗೊತ್ತಾಯಿತು. ನೀರು ಎರಡು ಸೆಂಟಿಮೀಟರ್ ಏರಿತು. ಇನ್ನೂ ಎಂಟು ತೊಟ್ಟು ಬಿದ್ದಿರಬೇಕು. ಮತ್ತೆ ನಿಂತಿತು.

ಮದ್ದು ಅಮ್ಮ ಹೇಳಿದ್ದೇ. ಸ್ವಲ್ಪ ಎತ್ತಿ, ಕಾಲು ಸುತ್ತು ತಿರುಗಿಸಿ, ಸಡಿಲವಾಗಿ ಕೂರಿಸುವುದು. ಎತ್ತುವಾಗ ಇಕ್ಕಳ ಹಾಕಬೇಡಿ, ಜಾರುತ್ತದೆ. ದಪ್ಪ ಬಟ್ಟೆಯಲ್ಲಿ ಹಿಡಿಯಿರಿ. ಮತ್ತೆ ಆಗದಿರಲು ಕೂಡಿಸುವ ಮುಂಚೆ ಕೆಳಗಿನ ಪಾತ್ರೆಯ ಕತ್ತನ್ನು ಒಣಬಟ್ಟೆಯಿಂದ ಒಮ್ಮೆ ಒರೆಸಿ. ಹಾಗೇ ಮೇಲಿನ ಮುಚ್ಚಳವನ್ನೂ ಅದುಮಿ ಮುಚ್ಚಬಾರದು. ನೀರು ಕೆಳಗಿಳಿದಾಗ ಅದರ ಜಾಗಕ್ಕೆ ಮೇಲಿನಿಂದ ಗಾಳಿ ಬರಬೇಕಲ್ವಾ? ಮುಚ್ಚಳ ಬಿಸಿ ಉಳಿಸಲಿಕ್ಕೆ, ಬೀಗ ಹಾಕಲಿಕ್ಕಲ್ಲ.

ನಮ್ಮ ಆಫೀಸಿನಲ್ಲಿ ಏನೇ ಕೆಟ್ಟರೂ ಮೊದಲು ಕೇಳುವ ಪ್ರಶ್ನೆ "ಆಫ್ ಮಾಡಿ ಆನ್ ಮಾಡಿದ್ರಾ?" ಎಂದು. ಅಮ್ಮನ "ತಟ್ಟಿದ್ಯಾ?" ಅದಕ್ಕಿಂತ ಹಳೆಯದು. ಒಂದು ಕೈ ಮೇಲೂ ಹೌದು. ಅಮ್ಮನಿಗೆ ಕಾರಣವೂ ಗೊತ್ತಿತ್ತು.

ದೋಷ: ತೂತು ಕಟ್ಟಿದೆ

ಇದು ಒಂದೇ ದಿನದಲ್ಲಿ ಆಗುವಂಥದ್ದಲ್ಲ. ದಿನಾ ಸ್ವಲ್ಪ ಸ್ವಲ್ಪ ನಿಧಾನ ಆಗುತ್ತಾ ಬಂದು, ಒಂದು ದಿನ ನೆಂಟರು ಬಂದಾಗ ಪೂರ್ತಿ ನಿಲ್ಲುತ್ತದೆ. ನೆಂಟರ ದಿನವನ್ನು ಯಂತ್ರ ಹೇಗೆ ಪತ್ತೆ ಹಚ್ಚುತ್ತದೋ ಗೊತ್ತಿಲ್ಲ.

ಪರೀಕ್ಷೆ ಸುಲಭ. ಮೇಲಿನ ಪಾತ್ರೆಯನ್ನು ತೊಳೆದು, ಒಂದು ಕಣ್ಣು ಮುಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ಒಳಗಿನಿಂದ ನೋಡಿ. ಎಲ್ಲ ಸರಿಯಿದ್ದರೆ ಅಮಾವಾಸ್ಯೆಯ ಆಕಾಶದ ಹಾಗೆ ತುಂಬ ಚುಕ್ಕೆಗಳು. ನಾನು ಕಳೆದ ತಿಂಗಳು ಹಿತ್ತಾಳೆ ಫಿಲ್ಟರನ್ನು ಹೀಗೆ ಹಿಡಿದಾಗ ನಡುವಿನಲ್ಲಿ ಹತ್ತಿಪ್ಪತ್ತು ನಕ್ಷತ್ರ ಬಿಟ್ಟರೆ ಉಳಿದದ್ದೆಲ್ಲ ಮೋಡ. ಅಂಚಿನ ತೂತುಗಳೇ ಮೊದಲು ಕಟ್ಟಿದ್ದವು. ನಮ್ಮ ಬೆರಳು, ನಾರು ಎರಡೂ ಆ ಮೂಲೆಗೆ ಸರಿಯಾಗಿ ಹೋಗುವುದಿಲ್ಲ.

ಕಟ್ಟುವ ವಸ್ತು ಎರಡು ಬಗೆ. ಒಂದು, ಕಾಫಿಯ ಎಣ್ಣೆಯಲ್ಲಿ ಅಂಟಿಕೊಂಡ ನುಣುಪು ಪುಡಿ. ಇದು ಕಂದು ಬಣ್ಣ, ಮುಟ್ಟಿದರೆ ಜಿಡ್ಡು. ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ, ಹಳೆ ಟೂತ್‌ಬ್ರಶ್ಶಿನಿಂದ ಹೊರಗಿನಿಂದ ಒಳಕ್ಕೆ ಉಜ್ಜಿದರೆ ಹೋಗುತ್ತದೆ. ಇನ್ನೊಂದು, ಬೋರ್‌ವೆಲ್‌ನ ಗಡಸು ನೀರು ಬಿಡುವ ಸುಣ್ಣ. ಬಿಳಿ, ಒರಟು. ಇದಕ್ಕೆ ಸೋಡಾ ಏನೂ ಮಾಡುವುದಿಲ್ಲ. ಹುಳಿ ಬೇಕು. ಹುಣಸೆಹಣ್ಣು ಅಥವಾ ನಿಂಬೆರಸದ ಬಿಸಿನೀರು. ಎರಡನ್ನೂ ಒಟ್ಟಿಗೆ ಹಾಕಿದರೆ ಡಬಲ್ ಕೆಲಸ ಆಗುತ್ತದೆ ಅಂತ ಕೆಲವರು ಹಾಕುತ್ತಾರೆ. ಬುಸ್ ಅಂತ ನೊರೆ ಬರುತ್ತದೆ, ನೋಡಲು ಭರ್ಜರಿ. ಆದರೆ ಸೋಡಾ ಹುಳಿಯನ್ನು ತಿನ್ನುತ್ತದೆ, ಹುಳಿ ಸೋಡಾವನ್ನು ತಿನ್ನುತ್ತದೆ, ಕೊಳೆ ತೆಪ್ಪಗೆ ನೋಡುತ್ತಾ ಕೂತಿರುತ್ತದೆ.

ಮೂರನೆಯ ವಿಧಾನ ಸುಡುವುದು. ಒಣಗಿದ ಮೇಲಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು, ತೂತಿನ ತಳವನ್ನು ಗ್ಯಾಸ್ ಉರಿಯ ಮೇಲೆ ಅರ್ಧ ನಿಮಿಷ ಆಡಿಸುವುದು. ತೂತಿನೊಳಗಿನ ಪುಡಿ ಸಣ್ಣ ಸಣ್ಣ ಕಿಡಿಯಾಗಿ ಕೆಂಪಗೆ ಮಿನುಗಿ ಬೂದಿಯಾಗುತ್ತದೆ. ಆರಿದ ಮೇಲೆ ತಟ್ಟಿದರೆ ಉದುರುತ್ತದೆ. ಬಹಳ ಮನೆಗಳಲ್ಲಿ ಹೀಗೇ ಮಾಡುತ್ತಾರೆ, ಸ್ಟೀಲ್‌ಗೆ ಪರವಾಗಿಲ್ಲ. ತಳ ಸ್ವಲ್ಪ ನೀಲಿಯಾಗಬಹುದು, ಅದೊಂದು ಮರ್ಯಾದೆಯ ಗುರುತು. ಆದರೆ ಕಲಾಯಿ ಹಾಕಿದ ಹಿತ್ತಾಳೆಗೆ ಈ ಕೆಲಸ ಮಾಡಲೇಬೇಡಿ. ಕಲಾಯಿ ಅಂದರೆ ತವರ. ತವರ 232 ಡಿಗ್ರಿಗೇ ಕರಗುತ್ತದೆ. ಗ್ಯಾಸ್ ಉರಿಗೆ ಅದು ಯಾವ ಲೆಕ್ಕ? ಒಳಗಿನ ಕಲಾಯಿ ಹರಿದು ಬಂದು ತೂತುಗಳಲ್ಲೇ ಕೂತರೆ, ಕಟ್ಟಿದ್ದು ಇನ್ನೂ ಗಟ್ಟಿಯಾಗಿ ಕಟ್ಟುತ್ತದೆ.

ಸೂಜಿ, ಪಿನ್ನು ಚುಚ್ಚುವುದೂ ಬೇಡ. ತೂತು ದೊಡ್ಡದಾಗುತ್ತದೆ. ದೊಡ್ಡದಾದ ತೂತನ್ನು ಚಿಕ್ಕದು ಮಾಡುವ ತಂತ್ರಜ್ಞಾನ ಇನ್ನೂ ಬಂದಿಲ್ಲ.

ದೋಷ: ಇಳಿಯುತ್ತದೆ, ಆದರೆ ನಾಳೆ ಬೆಳಗ್ಗೆಗೆ

ಪುಡಿ ಜಾಸ್ತಿ ನುಣ್ಣಗಿದೆ, ಅಥವಾ ಚಿಕೋರಿ ಜಾಸ್ತಿ ಇದೆ, ಅಥವಾ ಕೊಡೆಯಿಂದ ಜಾಸ್ತಿ ಅದುಮಿದ್ದೀರಿ. ಮೂರರಲ್ಲೂ 'ಜಾಸ್ತಿ' ಬಂತು, ಗಮನಿಸಿ.

ಫ್ರಾನ್ಸ್‌ನ ದಿಜೋನ್ ಊರಿಗೆ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ. ಮರಳಿನ ಕಂಬದ ಮೂಲಕ ನೀರು ಎಷ್ಟು ಬೇಗ ಇಳಿಯುತ್ತದೆ ಎಂದು ಅಳೆದು 1856ರಲ್ಲಿ ಒಂದು ನಿಯಮ ಪ್ರಕಟಿಸಿದ. ಪದರ ದಪ್ಪ ಆದಷ್ಟೂ ನಿಧಾನ, ಮೇಲಿನ ನೀರಿನ ಒತ್ತಡ ಹೆಚ್ಚಿದಷ್ಟೂ ಬೇಗ. ಇಂದಿಗೂ ಅಂತರ್ಜಲದ ಲೆಕ್ಕ ಮಾಡುವವರು ಅದನ್ನೇ ಬಳಸುತ್ತಾರೆ. ಕಾಫಿ ಪುಡಿಯೂ ಒಂದು ಬಗೆಯ ಮರಳೇ. ಇದರಲ್ಲಿ ನಮಗೆ ಬೇಕಾದ ಸುದ್ದಿ ಕಣದ ಗಾತ್ರದ್ದು. ಕಣ ಅರ್ಧದಷ್ಟು ಸಣ್ಣದಾದರೆ ಹರಿವು ಅರ್ಧ ಆಗುವುದಿಲ್ಲ, ಸುಮಾರು ಕಾಲು ಭಾಗ ಆಗುತ್ತದೆ. ಅಂಗಡಿಯಲ್ಲಿ ಒಂಚೂರು ನುಣ್ಣಗೆ ಬೀಸಿದರೆ ಮನೆಯಲ್ಲಿ ಇಪ್ಪತ್ತು ನಿಮಿಷದ ಕೆಲಸ ಒಂದು ಗಂಟೆಯಾಗುವುದು ಹೀಗೆ.

ಹದ ತಿಳಿಯಲು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿ. ಸಣ್ಣ ರವೆಗೂ ಗೋಧಿಹಿಟ್ಟಿಗೂ ನಡುವೆ ಇರಬೇಕು. ರವೆಯೇ ಆದರೆ ನೀರು ಓಡಿಹೋಗುತ್ತದೆ. ಹಿಟ್ಟೇ ಆದರೆ ನಿಂತುಹೋಗುತ್ತದೆ. ಮನೆಯ ಮಿಕ್ಸಿಯಲ್ಲಿ ಪುಡಿ ಮಾಡಿದರೆ ಎರಡೂ ಒಟ್ಟಿಗೆ ಸಿಗುತ್ತದೆ. ಅರ್ಧ ನುಚ್ಚು, ಅರ್ಧ ಧೂಳು. ಧೂಳು ಹೋಗಿ ನುಚ್ಚಿನ ಸಂದಿಯಲ್ಲಿ ಕೂತು ಟ್ರಾಫಿಕ್ ಜಾಮ್. ಪುಡಿ ಅಂಗಡಿಯಲ್ಲೇ ಬೀಸಿಸಿ. "ಫಿಲ್ಟರ್‌ಗೆ" ಅಂತ ಬಾಯಿಬಿಟ್ಟು ಹೇಳಿ.

ಚಿಕೋರಿ ಒಂದು ಗಿಡದ ಬೇರು. ಹುರಿದು ಪುಡಿ ಮಾಡಿರುತ್ತಾರೆ. ಕೆಫೀನ್ ಇಲ್ಲ, ಬಣ್ಣ ಉಂಟು, ಕಾಫಿಗಿಂತ ಜಾಸ್ತಿ ಕರಗುತ್ತದೆ. ಡಿಕಾಕ್ಷನ್ ಮಂದ ಬರುವುದು ಇದರಿಂದಲೇ. ನೀರು ಬಿದ್ದಾಗ ಮೆತ್ತಗಾಗಿ ಊದಿಕೊಂಡು ದಾರಿಯನ್ನೂ ಕಟ್ಟುತ್ತದೆ. ಕಾಫಿ ಚಿಕೋರಿ ಮಿಶ್ರಣ ಅಂತ ಮಾರಬೇಕಾದರೆ ಕಾನೂನಿನ ಪ್ರಕಾರ ಅದರಲ್ಲಿ ನೂರಕ್ಕೆ ಕನಿಷ್ಠ 51 ಭಾಗ ಕಾಫಿ ಇರಬೇಕು, ಪ್ಯಾಕೆಟ್ ಮೇಲೆ ಎಷ್ಟೆಷ್ಟು ಅಂತ ಬರೆದಿರಬೇಕು. ನಮ್ಮ ಮನೆಯಲ್ಲಿ 80ಕ್ಕೆ 20. ದೊಡ್ಡಪ್ಪನ ಮನೆಯಲ್ಲಿ 60ಕ್ಕೆ 40. ಈ ವಿಷಯದಲ್ಲಿ ಎರಡೂ ಮನೆಯವರು ಮಾತಿಗೆ ಕೂರುವುದು ಬಿಟ್ಟಿದ್ದೇವೆ.

ಕೊಡೆಯ ಕೆಲಸ ಪುಡಿಯನ್ನು ಅದುಮುವುದು ಅಂತ ತುಂಬ ಜನ ತಿಳಿದಿದ್ದಾರೆ. ಪುಡಿಯನ್ನು ಮಟ್ಟ ಮಾಡಿ, ಸುರಿಯುವ ನೀರು ಒಂದೇ ಕಡೆ ಗುಂಡಿ ತೋಡದ ಹಾಗೆ ಹಂಚುವುದು ಅದರ ಕೆಲಸ. ಇಡ್ಲಿ ಬೆಂದಿದೆಯಾ ಅಂತ ಮುಟ್ಟಿ ನೋಡುವಷ್ಟು ಮೆಲ್ಲಗೆ ಒತ್ತಿದರೆ ಸಾಕು.

ಇನ್ನೊಂದು ಮಾತು. ಹೊಸದಾಗಿ ಹುರಿದ ಪುಡಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಬಿಸಿನೀರು ತಾಗಿದ ಕೂಡಲೇ ಪುಡಿ ಉಸಿರೆಳೆದ ಹಾಗೆ ಉಬ್ಬಿ, ಗುಳ್ಳೆ ಬಿಟ್ಟು, ನೀರನ್ನು ಮೇಲಕ್ಕೇ ತಳ್ಳುತ್ತದೆ. ಇದು ದೋಷವಲ್ಲ, ಒಳ್ಳೆಯ ಪುಡಿ ಸಿಕ್ಕಿದೆ ಅಂತ. ಮೊದಲು ನಾಲ್ಕು ಚಮಚ ನೀರು ಮಾತ್ರ ಹಾಕಿ, ಅರ್ಧ ನಿಮಿಷ ಬಿಟ್ಟು, ಆಮೇಲೆ ಉಳಿದದ್ದು ಹಾಕಿ.

ದೋಷ: ತಕ್ಷಣ ಇಳಿಯಿತು, ಕಾಫಿ ಮಾತ್ರ ನೀರ್ನೀರು

ಐದು ನಿಮಿಷದಲ್ಲಿ ಎಲ್ಲ ಇಳಿದರೆ ಖುಷಿಪಡಬೇಡಿ. ಪುಡಿ ದಪ್ಪ, ಅಥವಾ ಪುಡಿ ಕಮ್ಮಿ, ಅಥವಾ ಕೊಡೆ ಹಾಕಲು ಮರೆತಿದ್ದೀರಿ. ನಾಲ್ಕು ಜನರ ಫಿಲ್ಟರಿನಲ್ಲಿ ಒಬ್ಬರಿಗೆ ಅಂತ ಎರಡು ಚಮಚ ಪುಡಿ ಹಾಕಿದರೆ ಅದು ತಳದಲ್ಲಿ ರಂಗೋಲಿಯ ಹಾಗೆ ಹರಡಿಕೊಳ್ಳುತ್ತದೆ. ನೀರಿಗೆ ಅಲ್ಲಿ ಹಾದುಹೋಗಲು ಹೊತ್ತೇ ಇಲ್ಲ. ಚಿಕ್ಕ ಸಂಸಾರಕ್ಕೆ ಚಿಕ್ಕ ಫಿಲ್ಟರ್ ಕೊಳ್ಳಿ. ಇದು ಜಂಬದ ಮಾತಲ್ಲ, ಪದರದ ದಪ್ಪದ ಮಾತು. ಡಾರ್ಸಿಯನ್ನು ಕೇಳಿ.

ನೀರಿನ ಬಿಸಿಯೂ ಕಾರಣ ಆಗಬಹುದು. ಕಾಫಿಗೆ 90ರಿಂದ 96 ಡಿಗ್ರಿ ಹದ ಅನ್ನುತ್ತಾರೆ. ಮಂಗಳೂರಿನವರು ನೀರು ಕುದಿಸಿ ಅರ್ಧ ನಿಮಿಷ ಕಾಯಬೇಕು, ಅಲ್ಲಿ ನೀರು 100ಕ್ಕೆ ಕುದಿಯುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ 97ಕ್ಕೇ ಕುದಿ ಬರುತ್ತದೆ. ಮಡಿಕೇರಿಯಲ್ಲಿ 96ರ ಆಸುಪಾಸು. ಅಂದರೆ ಕಾಫಿ ಬೆಳೆಯುವ ಊರಿನಲ್ಲಿ ಕುದಿಯುವ ನೀರೇ ಕಾಫಿಯ ಹದದ ನೀರು. ಈ ಸೌಲಭ್ಯಕ್ಕೆ ಬೇರೆ ದೇಶದವರು ಥರ್ಮಾಮೀಟರ್ ಇರುವ ಕೆಟಲ್ ಕೊಳ್ಳುತ್ತಾರೆ.

ದೋಷ: ನೀರು ಕಳವಾಗಿದೆ

ನಮ್ಮ ಪಕ್ಕದ ಮನೆಗೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಒಮ್ಮೆ ಕೇಳಿದಳು, "ಅಣ್ಣಾ, 200 ಮಿಲಿ ಹಾಕಿದ್ದೆ, 120 ಬಂದಿದೆ. ಫಿಲ್ಟರ್ ಸೋರ್ತಿದ್ಯಾ?" ಸೋರುತ್ತಿಲ್ಲ. 40 ಗ್ರಾಂ ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ. ಅದು ಯಂತ್ರದ ಕಮಿಷನ್. ಕೇಳಿದರೂ ವಾಪಸ್ ಕೊಡುವುದಿಲ್ಲ. ಚರಟ ಹಿಂಡಿ ತೆಗೆಯಬಹುದಲ್ಲಾ ಅಂದಳು. ತೆಗೆಯಬಹುದು, ಕುಡಿಯಲಾಗುವುದಿಲ್ಲ.

ಅದೇ ಚರಟದ ಮೇಲೆ ಮತ್ತೆ ಬಿಸಿನೀರು ಹಾಕಿದರೆ ಬರುವುದು ಎರಡನೇ ಡಿಕಾಕ್ಷನ್. ಮೊದಲನೆಯದು ನೆಂಟರಿಗೆ, ಎರಡನೆಯದು ಮನೆಯವರಿಗೆ. ನೆಂಟರು ಅನಿರೀಕ್ಷಿತವಾಗಿ ಇನ್ನಿಬ್ಬರು ಬಂದರೆ ಎರಡನ್ನೂ ಬೆರೆಸಿ ಸಮಾಜವಾದ.

ದೋಷ: ಎರಡು ಪಾತ್ರೆ ಕಚ್ಚಿಕೊಂಡಿವೆ

ರಾತ್ರಿ ಇಳಿಸಿಟ್ಟು ಬೆಳಗ್ಗೆ ಬಿಡಿಸಲು ಹೋದರೆ ಅಲ್ಲಾಡುವುದಿಲ್ಲ. ಒಳಗಿನ ಬಿಸಿ ಗಾಳಿ ಆರಿ ಕುಗ್ಗಿ ಎಳೆದುಕೊಂಡಿದೆ, ಕತ್ತಿನಲ್ಲಿ ಕಾಫಿ ಒಣಗಿ ಅಂಟಾಗಿದೆ. ಸುತ್ತಿಗೆ ತರಬೇಡಿ. ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸಬೇಡಿ. ನಮ್ಮ ಹಳೆ ಫಿಲ್ಟರಿನ ಕತ್ತು ಮೊಟ್ಟೆಯಾಕಾರ ಆಗಿದ್ದು ಹಾಗೇ. ಬಿಸಿನೀರಿನ ಬೋಗುಣಿಯಲ್ಲಿ ಕೆಳಗಿನ ಪಾತ್ರೆಯನ್ನು ಕತ್ತಿನವರೆಗೆ ಮುಳುಗಿಸಿಟ್ಟು, ಮೇಲಿನ ಪಾತ್ರೆಗೆ ತಣ್ಣೀರು ಹಾಕಿ. ಹೊರಗಿನದು ಹಿಗ್ಗುತ್ತದೆ, ಒಳಗಿನದು ಹಿಗ್ಗುವುದಿಲ್ಲ. ಎರಡು ನಿಮಿಷ ಬಿಟ್ಟು ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ.

ದೋಷ: ಲೋಟದ ತಳದಲ್ಲಿ ಗಸಿ

ಕೊನೆಯ ಗುಟುಕಿನಲ್ಲಿ ಬಾಯಿಗೆ ಮಣ್ಣಿನ ಹಾಗೆ ಸಿಗುವುದು ತೂತಿನಿಂದ ಜಾರಿದ ಧೂಳುಪುಡಿ. ಪುಡಿ ಹಾಕಿದ ಮೇಲೆ, ಕೆಳಗಿನ ಪಾತ್ರೆಗೆ ಕೂಡಿಸುವ ಮುಂಚೆ, ಸಿಂಕಿನ ಮೇಲೆ ಹಿಡಿದು ಎರಡು ಸಲ ತಟ್ಟಿ. ಉದುರುವ ಧೂಳು ಅಲ್ಲೇ ಉದುರಲಿ. ಡಿಕಾಕ್ಷನ್ ಬಗ್ಗಿಸುವಾಗ ಕೊನೆಯ ಒಂದು ಚಮಚ ಪಾತ್ರೆಯಲ್ಲೇ ಬಿಡಿ.

ಕೆಲವರು ಬೇರೆ ಉಪಾಯ ಮಾಡುತ್ತಾರೆ. ತೂತುಗಳ ಮೇಲೆ ಮೊದಲು ಒಂದು ಚಮಚ ಸಕ್ಕರೆ ಹರಡಿ, ಅದರ ಮೇಲೆ ಪುಡಿ ಹಾಕುವುದು. ನೀರು ಬರುವವರೆಗೆ ಸಕ್ಕರೆ ಪುಡಿಯನ್ನು ತಡೆದು ನಿಲ್ಲಿಸುತ್ತದೆ, ಆಮೇಲೆ ಕರಗಿಹೋಗುತ್ತದೆ. ನೋಡಲು ಬುದ್ಧಿವಂತ ವಿನ್ಯಾಸ. ದೊಡ್ಡಪ್ಪ ಬಂದ ಬೆಳಗ್ಗೆ ನಾನೂ ಹಾಗೇ ಮಾಡಿದ್ದೆ.

ದೋಷ: ಸುಟ್ಟ ರುಚಿ

ಆರಿದ ಡಿಕಾಕ್ಷನ್ ಅನ್ನು ಒಲೆ ಮೇಲಿಟ್ಟು ಕುದಿಸಿದ್ದೀರಿ. ಕುದಿಸಬಾರದು. ಹಾಲನ್ನು ಚೆನ್ನಾಗಿ ಬಿಸಿ ಮಾಡಿ ಬೆರೆಸಿ, ಅಥವಾ ಡಿಕಾಕ್ಷನ್ ಪಾತ್ರೆಯನ್ನು ಬಿಸಿನೀರಿನಲ್ಲಿ ಇಡಿ. ಇದಕ್ಕಿಂತ ಹೆಚ್ಚು ಹೇಳಲು ಏನೂ ಇಲ್ಲ.

ಯಂತ್ರದ ಹೊರಗಿನ ದೋಷಗಳು

ಡಣ್ ಅಂತ ತಟ್ಟಿ, ಟಪಟಪ ಶುರುವಾದ ಮೇಲೆ ನಾನು ಸೊಂಟ ನೆಟ್ಟಗೆ ಮಾಡಿಕೊಂಡೆ. ಹಿಂದಿನ ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು. ಆರಿಸಿ, ಒರೆಸಿ, ಉಳಿದ ಹಾಲಿಗೆ ಡಿಕಾಕ್ಷನ್ ಬೆರೆಸಿ, ಲೋಟದಿಂದ ಲೋಟಕ್ಕೆ ಎರಡು ಸಲ ಎತ್ತಿ ಹೊಯ್ದು, ನೊರೆ ಬರಿಸಿ ತಂದು ಕೊಟ್ಟೆ. ಏಳೂಕಾಲು ಆಗಿತ್ತು.

ದೊಡ್ಡಪ್ಪ ಒಂದು ಗುಟುಕು ಕುಡಿದರು. ಪೇಪರ್ ಕೆಳಗಿಟ್ಟರು. ಇನ್ನೊಂದು ಗುಟುಕು ಕುಡಿದರು.

"ಸಕ್ಕರೆ ಹಾಕಿದ್ಯೇನೋ? ನಂಗೆ ಶುಗರ್ ಇದೆ ಅಂತ ಗೊತ್ತಿಲ್ವಾ?"

"ಲೋಟಕ್ಕೆ ಹಾಕಿಲ್ಲ ದೊಡ್ಡಪ್ಪ."

ಅವರು ಲೋಟದೊಳಗೆ ನೋಡಿದರು. ನನ್ನ ಮುಖ ನೋಡಿದರು. ಅಡುಗೆಮನೆಯ ಕಡೆ ಒಮ್ಮೆ ನೋಡಿದರು.

"ಹೌದಾ? ಹಂಗಾದ್ರೆ ಇನ್ನರ್ಧ ಲೋಟ ತಗೊಂಡ್ಬಾ."